ಗಡಪಾರ್ ರಸ್ತೆಯ ಸುಕುಮಾರ ರಾಯರು

1974ನೆಯ ಇಸವಿಯಲ್ಲಿ ಉದ್ಯೋಗದ ನಿಮಿತ್ತ ನಾನು ಕಲ್ಕತ್ತೆಯಲ್ಲಿ ಎರಡು ವರ್ಷ ಇರಬೇಕಾಗಿ ಬಂತು. ಊರಿನ ಉತ್ತರ ಭಾಗದ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ, ಹಳೆಯ ಮನೆಯೊಂದರ ಮಹಡಿಯ ಕೋಣೆ ನನಗೆ ಬಾಡಿಗೆಗೆ ದೊರಕಿತ್ತು. ಮನೆಯ ಯಜಮಾನಿ ವೃದ್ಧೆ. ಆ ಕಡೆಯ ವಾಡಿಕೆಯಂತೆ ನಾನು ಆಕೆಯನ್ನು ಮಾಶಿಮಾ ಎಂದು ಕರೆಯುತ್ತಿದ್ದೆ. ಆಕೆಗೆ ಹತ್ತು ವರ್ಷದ ಮೊಮ್ಮಗನೊಬ್ಬನಿದ್ದ. ಪುಸ್ತಕವೆಂದರೆ ಅವನಿಗೆ ಹರಳೆಣ್ಣೆ ಕಂಡಂತೆ. ಪ್ರತಿ ಸಂಜೆಯೂ ಅಜ್ಜಿ ಅವನನ್ನು ಗದರಿಸಿ ದೀಪದ ಮುಂದೆ ಕೂರಿಸುವರು; ಅವನು ಪುಸ್ತಕವನ್ನು ತೆರೆದಿಟ್ಟುಕೊಂಡು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ಹೊತ್ತು ಕಳೆಯುವನು. ನನಗೆ ಬಂಗಾಳಿ ಕಲಿಯಬೇಕೆಂಬ ಆಸೆಯಿತ್ತು. ದಿನಕ್ಕೆ ಅರ್ಧ ಗಂಟೆ ಏನನ್ನಾದರೂ ಓದಿ ಹೇಳೆಂದು ಆ ಹುಡುಗನನ್ನೇ ಕೇಳಿಕೊಂಡೆ. ಮರುದಿನ ಅವನು ತಂದದ್ದು ರಟ್ಟು ಕಿತ್ತುಹೋದ ಒಂದು ತೆಳ್ಳನೆಯ ಪುಸ್ತಕ. ಓದು ಬಾರದವನೆಂದು ಮನೆಮಂದಿಯೆಲ್ಲ ಕೈಬಿಟ್ಟಿದ್ದ ಆ ಬಾಲಕ ಒಂದು ಅಕ್ಷರಕ್ಕೂ ತಡವರಿಸಲಿಲ್ಲ; ಅರ್ಧ ಭಾಗವನ್ನು ಪುಟವನ್ನು ನೋಡದೆಯೇ ಒಪ್ಪಿಸಿದ. ನನಗೆ ನಾಲ್ಕು ಮಾತಿನಲ್ಲಿ ಒಂದು ತಿಳಿಯಿತೋ ಇಲ್ಲವೋ. ಆದರೂ ಇಬ್ಬರೂ ನಕ್ಕು ನಕ್ಕು ಮಾಶಿಮಾ ಕೆಳಗಿನಿಂದ ಎದ್ದುಬರುವಂತಾಯಿತು. ಆ ಪುಸ್ತಕ ‘ಹ ಜ ಬ ರ ಲ’. ಬರೆದವರು ಸುಕುಮಾರ ರಾಯರು. ಸತ್ಯಜಿತ್ ರಾಯರ ತಂದೆ ಎಂದರೆ ನಮ್ಮವರಿಗೆ ಬೇಗ ಗುರುತು ಸಿಕ್ಕೀತು. ಬಂಗಾಳದಲ್ಲಾದರೋ ಬಹು ಕಾಲ ಸತ್ಯಜಿತರೇ ಸುಕುಮಾರರ ಮಗನೆಂದು ಗುರುತಿಸಲ್ಪಡುತ್ತಿದ್ದರು.

ಬಿ. ವೆಂಕಟಾಚಾರ್ಯರ ಕಾಲದಿಂದಲೂ ಬಂಗಾಳಿಯ ಕಾದಂಬರಿಗಳನ್ನು ನಾವು ಕನ್ನಡಕ್ಕೆ ತಂದುಕೊಂಡಿದ್ದೇವೆ. ಬಂಕಿಮರು, ರವೀಂದ್ರರು, ಶರಚ್ಚಂದ್ರರು ನಮ್ಮ ಮನೆಯವರೇ ಆಗಿಹೋಗಿದ್ದಾರೆ. ಈ ಮನುಷ್ಯ ಮಾತ್ರ ಹೊಸಿಲಾಚೆಯೇ ಉಳಿದರು. ಕಾರಣ ಸುಲಭ: ಆತನ ನಗೆ ಬಂಗಾಳಿಯ ಶಬ್ದಗಳಿಗೇ ಅಂಟಿಕೊಂಡಿದೆ, ಕಿತ್ತರೆ ತೊಗಟೆ ಮಾತ್ರ ಕೈಗೆ ಬರುತ್ತದೆ. ಆದರೂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನನ್ನಂಥವನಿಗೆ ಸುಕುಮಾರರ ಬಗ್ಗೆ ಒಂದು ಋಣವಿದೆ. ವಿಜ್ಞಾನವನ್ನು ಸರಿಯಾಗಿ ಬರೆಯಬಲ್ಲವರನ್ನು ನಾನು ಕಂಡಿದ್ದೇನೆ. ಮಕ್ಕಳನ್ನು ನಗಿಸಬಲ್ಲವರನ್ನೂ ಕಂಡಿದ್ದೇನೆ. ಎರಡನ್ನೂ ಮಾಡಹೊರಟವರು ಸಾಮಾನ್ಯವಾಗಿ ಕಹಿ ಗುಳಿಗೆಗೆ ಬೆಲ್ಲ ಸವರುವವರು. ಮಕ್ಕಳು ಬೆಲ್ಲವನ್ನು ನೆಕ್ಕಿ ಗುಳಿಗೆಯನ್ನು ಉಗುಳುತ್ತಾರೆ. ಸುಕುಮಾರರಲ್ಲಿ ಬೆಲ್ಲ ಬೇರೆ ಗುಳಿಗೆ ಬೇರೆ ಎಂಬುದಿಲ್ಲ. ಇದು ಆತನಿಗೆ ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಆತ ಹುಟ್ಟಿದ ಮನೆಯಿಂದಲೇ ಆರಂಭಿಸಬೇಕು.

ಸುಕುಮಾರರು ಹುಟ್ಟಿದ್ದು 1887ರ ಅಕ್ಟೋಬರ್ 30ರಂದು, ಕಲ್ಕತ್ತೆಯ ಬ್ರಾಹ್ಮ ಕುಟುಂಬವೊಂದರಲ್ಲಿ. ತಂದೆ ಉಪೇಂದ್ರಕಿಶೋರ ರಾಯ್‌ಚೌಧುರಿ. ಅವರು ಚಿತ್ರ ಬರೆಯುತ್ತಿದ್ದರು, ಪಿಟೀಲು ನುಡಿಸುತ್ತಿದ್ದರು, ದೂರದರ್ಶಕದಿಂದ ನಕ್ಷತ್ರಗಳನ್ನು ನೋಡುತ್ತಿದ್ದರು, ಮಕ್ಕಳಿಗಾಗಿ ರಾಮಾಯಣವನ್ನು ಬರೆದರು. ಆ ರಾಮಾಯಣಕ್ಕೆ ಅವರು ಬರೆದ ಚಿತ್ರಗಳನ್ನು ಮುದ್ರಕರು ಮರದ ಅಚ್ಚಿನಲ್ಲಿ ಕೆತ್ತಿ ವಿಕಾರಗೊಳಿಸಿಬಿಟ್ಟರು. ಬೇರೆಯವರಾಗಿದ್ದರೆ ಮುದ್ರಕನನ್ನು ಬಯ್ದು ಸುಮ್ಮನಾಗುತ್ತಿದ್ದರು. ಉಪೇಂದ್ರಕಿಶೋರರು ವಿಲಾಯತಿಯಿಂದ ಯಂತ್ರೋಪಕರಣಗಳನ್ನು ತರಿಸಿ, 1895ರಲ್ಲಿ ತಾವೇ ಚಿತ್ರದ ಅಚ್ಚು ತಯಾರಿಸುವ ಉದ್ಯಮವನ್ನು ತೆರೆದರು. ಅಚ್ಚಿನ ಮಸಿ ಕಪ್ಪನ್ನು ಮೂಡಿಸಬಲ್ಲುದು, ಇಲ್ಲವೇ ಕಾಗದವನ್ನು ಬಿಳಿಯಾಗಿ ಬಿಡಬಲ್ಲುದು. ನಡುವಣ ಬೂದು ಬಣ್ಣ ಅದಕ್ಕೆ ತಿಳಿಯದು. ಆದ್ದರಿಂದ ಸೂಕ್ಷ್ಮವಾದ ಗೆರೆಗಳನ್ನು ಅಡ್ಡಡ್ಡ ಕೊರೆದ ಗಾಜಿನ ಮೂಲಕ ಚಿತ್ರವನ್ನು ಹಾಯಿಸಿ, ಅದನ್ನು ದೊಡ್ಡ ಸಣ್ಣ ಚುಕ್ಕೆಗಳಾಗಿ ಒಡೆಯುತ್ತಾರೆ. ದೊಡ್ಡ ಚುಕ್ಕೆಗಳಿದ್ದಲ್ಲಿ ಕಣ್ಣು ನೆರಳನ್ನು ಕಾಣುತ್ತದೆ, ಸಣ್ಣವಿದ್ದಲ್ಲಿ ಬೆಳಕನ್ನು. ಹಾಫ್‌ಟೋನ್ ಎಂಬ ಈ ವಿದ್ಯೆಯಲ್ಲಿ ಗಾಜು ಎಷ್ಟು ದೂರವಿರಬೇಕು, ಕ್ಯಾಮೆರದ ಕಿಂಡಿ ಎಷ್ಟು ತೆರೆದಿರಬೇಕು ಎಂಬುದನ್ನು ಅವರು ಗಣಿತದಿಂದ ಲೆಕ್ಕಹಾಕಿ ಲೇಖನಗಳನ್ನು ಬರೆದರು. ಮುದ್ರಣಶಾಸ್ತ್ರಕ್ಕೆ ಪ್ರಮಾಣವೆನಿಸಿದ್ದ ಲಂಡನ್ನಿನ ‘ಪೆನ್‌ರೋಸ್’ ವಾರ್ಷಿಕ ಅವುಗಳನ್ನು ಪ್ರಕಟಿಸಿತು. ಜಗದೀಶಚಂದ್ರ ಬೋಸರು, ಪ್ರಫುಲ್ಲಚಂದ್ರ ರಾಯರು, ರವೀಂದ್ರನಾಥರು ಈ ಮನೆಗೆ ಸ್ನೇಹಿತರಾಗಿ ಬಂದುಹೋಗುತ್ತಿದ್ದವರು. ಪದ್ಯ ಒಂದು ಕೋಣೆಯಲ್ಲಿ, ಪ್ರಯೋಗ ಇನ್ನೊಂದು ಕೋಣೆಯಲ್ಲಿ ಎಂಬ ವಿಂಗಡಣೆಯೇ ಆ ಮಕ್ಕಳಿಗೆ ತಿಳಿದಿರಲಿಲ್ಲ.

ತಂಗಿ ಪುಣ್ಯಲತಾ ಚಕ್ರವರ್ತಿ ಬರೆದಿಟ್ಟ ಬಾಲ್ಯದ ನೆನಪುಗಳಲ್ಲಿ ಒಂದು ಸಂಗತಿ ಬರುತ್ತದೆ. ತಂದೆಯ ಬಳಿ ಪ್ರಾಣಿಗಳ ಚಿತ್ರಗಳಿದ್ದ ದೊಡ್ಡ ಪುಸ್ತಕವೊಂದಿತ್ತು. ಬಾಲಕ ಸುಕುಮಾರ ಅದನ್ನು ಬಿಡಿಸಿಟ್ಟುಕೊಂಡು ತಮ್ಮತಂಗಿಯರಿಗೆ ಒಂದೊಂದೇ ಪ್ರಾಣಿಯ ಕಥೆ ಹೇಳುವನು. ಪುಸ್ತಕದ ಪ್ರಾಣಿಗಳು ಮುಗಿದ ಮೇಲೆ ಪುಸ್ತಕದಲ್ಲಿಲ್ಲದವು ಆರಂಭವಾಗುವುವು. ಭವಂದೋಲ, ಮಂತಪಾಇನ್, ಕೊಂಪು ಎಂದು ಅವಕ್ಕೆ ಹೆಸರು. ಒಂದೊಂದಕ್ಕೂ ಅದರದೇ ನಡಿಗೆ, ಅದರದೇ ಚಾಳಿ. ಈ ಕಟ್ಟುಕಥೆಗಳಿಗೆ ತಂದೆ ಅಡ್ಡಬಂದ ಸುದ್ದಿಯಿಲ್ಲ. ಅವರಾದರೋ ಮಕ್ಕಳಿಗಾಗಿ ಪುರಾತನ ಕಾಲದ ನಿಜವಾದ ಪ್ರಾಣಿಗಳನ್ನು ಕುರಿತು ‘ಸೇಕಾಲೇರ್ ಕಥಾ’ ಎಂಬ ಪುಸ್ತಕವನ್ನು ಬರೆದವರು. ಈ ಪುಸ್ತಕದ ನೆನಪು ವಾಚಕರಿಗಿರಲಿ. ಮುಂದೆ ಇದರ ಮಾತು ಬರಲಿದೆ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲಿಯೂ ಆನರ್ಸ್ ಪಡೆದು ಸುಕುಮಾರರು 1906ರಲ್ಲಿ ಪದವೀಧರರಾದರು. ಅದೇ ಸುಮಾರಿಗೆ ಗೆಳೆಯರನ್ನೂ ನೆಂಟರನ್ನೂ ಕೂಡಿಸಿ ‘ನಾನ್ಸೆನ್ಸ್ ಕ್ಲಬ್’ ಎಂಬ ಕೂಟವನ್ನು ಕಟ್ಟಿ, ಕೈಬರಹದ ಪತ್ರಿಕೆಯನ್ನು ಹೊರಡಿಸಿದರು. ನಾಟಕಗಳನ್ನು ಬರೆದು ಆಡಿಸಿದರು. 1911ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಗುರುಪ್ರಸನ್ನ ಘೋಷ್ ವಿದ್ಯಾರ್ಥಿವೇತನ ದೊರೆತು ಇಂಗ್ಲೆಂಡಿಗೆ ತೆರಳಿದರು. ಬ್ಯಾರಿಸ್ಟರಾಗಲೆಂದೋ ಐ.ಸಿ.ಎಸ್. ಪಾಸುಮಾಡಲೆಂದೋ ಜನ ಹಡಗು ಹತ್ತುತ್ತಿದ್ದ ಕಾಲದಲ್ಲಿ ಈ ತರುಣ ಹೋದದ್ದು ಛಾಯಾಗ್ರಹಣವನ್ನೂ ಅಚ್ಚಿನ ಕೆಲಸವನ್ನೂ ಕಲಿಯಲು. ಲಂಡನ್ನಿನಲ್ಲಿಯೂ ಮ್ಯಾಂಚೆಸ್ಟರಿನಲ್ಲಿಯೂ ಕಲಿತರು; ತಂದೆಯ ಲೇಖನಗಳನ್ನು ಅಚ್ಚುಹಾಕಿದ್ದ ಅದೇ ವಾರ್ಷಿಕದಲ್ಲಿ ತಾವೂ ಹಾಫ್‌ಟೋನ್ ಕುರಿತು ಬರೆದರು; ಆಗ ಅಲ್ಲಿಗೆ ಬಂದಿದ್ದ ರವೀಂದ್ರನಾಥರ ಕಾವ್ಯವನ್ನು ಆಂಗ್ಲರಿಗೆ ಪರಿಚಯಿಸುವ ಉಪನ್ಯಾಸವನ್ನೂ ಮಾಡಿದರು. ಮುಂದೆ 1922ರಲ್ಲಿ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಅವರನ್ನು ಫೆಲೋ ಎಂದು ಗೌರವಿಸಿತು. ಅಸಂಬದ್ಧ ಪದ್ಯಗಳ ಈ ಕವಿ ತನ್ನ ವೃತ್ತಿಯಲ್ಲಿ ಕೂದಲೆಳೆಯಷ್ಟೂ ಅಸಂಬದ್ಧತೆಯನ್ನು ಸಹಿಸದ ತಂತ್ರಜ್ಞನಾಗಿದ್ದನೆಂಬುದನ್ನು ಮರೆಯುವಂತಿಲ್ಲ.

ಅವರು ಇಂಗ್ಲೆಂಡಿನಲ್ಲಿರುವಾಗಲೇ, 1913ರ ವೈಶಾಖದಲ್ಲಿ, ಉಪೇಂದ್ರಕಿಶೋರರು ‘ಸಂದೇಶ’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಬಂಗಾಳಿಯಲ್ಲಿ ಸಂದೇಶವೆಂದರೆ ಸುದ್ದಿಯೂ ಹೌದು, ಮಿಠಾಯಿಯೂ ಹೌದು. ಸುಕುಮಾರರು ಆ ವರ್ಷವೇ ಹಿಂತಿರುಗಿದರು. ಡಿಸೆಂಬರಿನಲ್ಲಿ ಸುಪ್ರಭಾದೇವಿಯವರೊಡನೆ ಅವರ ವಿವಾಹವಾಯಿತು. ಮರುವರ್ಷ ಗಡಪಾರ್ ರಸ್ತೆಯ 100ನೆಯ ನಂಬರಿನಲ್ಲಿ ಮನೆಯೂ ಅಚ್ಚುಕೂಟವೂ ಒಂದೇ ಸೂರಿನಡಿ ಎದ್ದು ನಿಂತವು. ಆ ಸೂರಿನಡಿ ತಂದೆಮಕ್ಕಳು ಕೂಡಿ ಕೆಲಸಮಾಡಿದ್ದು ಬಹಳ ದಿನವಲ್ಲ. 1915ರ ಡಿಸೆಂಬರಿನಲ್ಲಿ ಉಪೇಂದ್ರಕಿಶೋರರು ತೀರಿಕೊಂಡರು. ಇಪ್ಪತ್ತೆಂಟು ವರ್ಷದ ಮಗನ ಹೆಗಲಿಗೆ ಅಚ್ಚುಕೂಟ, ಕುಟುಂಬ, ಪತ್ರಿಕೆ ಮೂರೂ ಬಿದ್ದವು.

ಪತ್ರಿಕೆಯೆಂದರೆ ತಿಂಗಳು ತಿಂಗಳೂ ಬಾಯಿ ತೆರೆಯುವ ಬಕಾಸುರ. ಪದ್ಯ, ಕಥೆ, ನಾಟಕ, ಒಗಟು, ಚಿತ್ರ ಎಲ್ಲವನ್ನೂ ಸಂಪಾದಕರೇ ಒದಗಿಸಬೇಕಾಗುತ್ತಿತ್ತು. ಇವುಗಳ ಜೊತೆಗೆ ಅವರು ಬರೆದ ವಿಜ್ಞಾನ ಲೇಖನಗಳನ್ನು ಈಗ ಓದುವವರು ಕಡಿಮೆ. ನನ್ನಂಥ ಮೇಷ್ಟರಿಗೆ ಅವೇ ನಿಧಿ. ಶನಿಗ್ರಹ, ಭೂಕಂಪ, ಕಬ್ಬಿಣ, ಕಾಗದ, ಮುಳುಗುಗಾರರು, ಧ್ರುವಪ್ರದೇಶದ ಆಕಾಶದ ಬೆಳಕು, ಗೆಲಿಲಿಯೋ, ಡಾರ್ವಿನ್ ಇವೆಲ್ಲ ಅಲ್ಲಿ ಬರುತ್ತವೆ. ವೇಗವನ್ನು ಕುರಿತ ಲೇಖನವೊಂದನ್ನೇ ನೋಡಿ. ಬೇರೆ ಲೇಖಕ ವೇಗದ ಲಕ್ಷಣವನ್ನು ಹೇಳಿ ತೊಡಗುತ್ತಿದ್ದ. ಸುಕುಮಾರರು ತೊಡಗುವುದು ಮಾಗಿದ ತಾಳೆಹಣ್ಣಿನಿಂದ. ಅದು ತಾಳೆಮರದ ತುದಿಯಿಂದ ನಿಮ್ಮ ಬೆನ್ನಿನ ಮೇಲೆ ಧೊಪ್ಪೆಂದು ಬಿದ್ದರೆ ಗತಿಯೇನು? ಅದೇ ಹಣ್ಣು ಸೀಬೆಗಿಡದ ಕೊಂಬೆಯಿಂದ ಒಂದು ಮೊಳ ಕೆಳಗಿರುವ ಬೆನ್ನಿಗೆ ಬಿದ್ದರೆ ಅಷ್ಟು ನೋಯುವುದೇ? ಹಣ್ಣು ಅದೇ, ತೂಕ ಅದೇ, ಬೆನ್ನೂ ಅದೇ. ಹಾಗಾದರೆ ವ್ಯತ್ಯಾಸವೆಲ್ಲಿಂದ ಬಂತು? ಓದುವ ಹುಡುಗ ಬೆನ್ನು ಸವರಿಕೊಳ್ಳುತ್ತಲೇ ವೇಗೋತ್ಕರ್ಷದ ಒಳಗೆ ಕಾಲಿಟ್ಟಿರುತ್ತಾನೆ. ಬೀಳುವ ವಸ್ತುವಿನ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು ನಾನು ಎಷ್ಟು ವರ್ಷ ವ್ಯರ್ಥಮಾಡಿದೆನೋ! ನಮ್ಮೂರಿನಲ್ಲಿ ತಾಳೆಮರವಿರಲಿಲ್ಲ, ಆದರೆ ತೆಂಗಿನಮರಕ್ಕೇನು ಬರವಿತ್ತೆ?

ಈಗ ಪದ್ಯಗಳಿಗೆ ಬರೋಣ. ‘ಖಿಚುಡಿ’ ಎಂಬ ಪದ್ಯದಲ್ಲಿ ಎರಡೆರಡು ಪ್ರಾಣಿಗಳ ಹೆಸರುಗಳು ಸೇರಿ ಒಂದಾಗುತ್ತವೆ. ಹೆಸರು ಸೇರಿದೊಡನೆ ಪ್ರಾಣಿಗಳ ಮೈಯೂ ಸೇರಿಹೋಗುತ್ತದೆ. ಬಕವೂ ಕಚ್ಛಪವೂ ಕೂಡಿ ಬಕಚ್ಛಪವಾಗುತ್ತದೆ. ಕನ್ನಡದಲ್ಲಿ ಇದು ನಡೆಯದೆಂದು ಬಹಳ ದಿನ ನಂಬಿದ್ದೆ. ಒಂದು ದಿನ ವ್ಯಾಕರಣದ ಪಾಠದ ಪಕ್ಕದ ಕೊಠಡಿಯಲ್ಲಿ ಕುಳಿತಿದ್ದಾಗ ತಟ್ಟನೆ ಹೊಳೆಯಿತು: ಕೊಕ್ಕರೆ, ಆಮೆ, ಕೊಕ್ಕರಾಮೆ! ಶುದ್ಧ ಲೋಪಸಂಧಿ, ಕೇಶಿರಾಜನೂ ಆಕ್ಷೇಪಿಸಲಾರ. ಆದರೆ ಈ ಪದ್ಯದ ನಿಜವಾದ ಸ್ವಾರಸ್ಯ ಹೆಸರಿನಲ್ಲಿಲ್ಲ. ಗಿಣಿಯ ತಲೆಯೂ ಓತಿಕ್ಯಾತದ ಮೈಯೂ ಇರುವ ಒಂದು ಜೀವಿ ಅಲ್ಲಿ ಬಹಳ ಚಿಂತೆಯಲ್ಲಿದೆ: ಇನ್ನು ಮೇಲೆ ಹುಳುಗಳನ್ನು ಬಿಟ್ಟು ಹಸಿ ಮೆಣಸಿನಕಾಯಿ ತಿನ್ನಬೇಕೇನು? ಬಾಯಿ ಒಬ್ಬರದು, ಹೊಟ್ಟೆ ಇನ್ನೊಬ್ಬರದು. ಅಂಗಕ್ಕೂ ಆಹಾರಕ್ಕೂ ಇರುವ ನಂಟನ್ನು ತಿಳಿಯದವನಿಗೆ ಈ ಚಿಂತೆ ಹುಟ್ಟುವುದೇ ಇಲ್ಲ. ನಗೆಯ ಒಳಗೆ ಪ್ರಾಣಿಶಾಸ್ತ್ರ ಕುಳಿತಿದೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳದೆ ಮುಂದೆ ಹೋಗಲಾರೆ. ಕಲ್ಕತ್ತೆಯಿಂದ ಮರಳಿ ಮೇಷ್ಟರ ಕೆಲಸ ಹಿಡಿದ ಮೇಲೆ, 1981ರಲ್ಲಿ, ನನ್ನ ಒಂಬತ್ತನೆಯ ತರಗತಿಯಲ್ಲಿ ಎಲ್ಲ ಪರೀಕ್ಷೆಗಳಲ್ಲಿಯೂ ಕೊನೆಗೆ ನಿಲ್ಲುತ್ತಿದ್ದ ಹುಡುಗನೊಬ್ಬನಿದ್ದ. ಪಾಠವನ್ನು ಓದೆಂದರೆ ಎದ್ದುನಿಂತು ಪುಸ್ತಕವನ್ನು ದಿಟ್ಟಿಸುವನೇ ಹೊರತು ಬಾಯಿ ಬಿಡನು. ಒಮ್ಮೆ ಅವನ ರೆಕಾರ್ಡ್ ಪುಸ್ತಕವನ್ನು ತಿದ್ದುತ್ತಿದ್ದೆ. ಕಪ್ಪೆಯ ಚಿತ್ರದ ಮರುಪುಟದಲ್ಲಿ, ಮೇಲರ್ಧ ಬೆಳ್ಳಕ್ಕಿ ಕೆಳಗರ್ಧ ಎಮ್ಮೆಯಾದ ಒಂದು ಪ್ರಾಣಿ ಇತ್ತು. ಅಚ್ಚುಕಟ್ಟಾಗಿ ಗೆರೆಯೆಳೆದು ಭಾಗಗಳನ್ನು ಗುರುತಿಸಿದ್ದ. ನಾನು ಇಡೀ ತರಗತಿಗೆ ಅದನ್ನು ತೋರಿಸಿ, ಹಾಳೆಯನ್ನು ಹರಿದು, ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಹರಿದ ತುಂಡುಗಳನ್ನು ಬುಟ್ಟಿಗೆ ಹಾಕುವಾಗ ಒಂದು ಚೂರು ಕಣ್ಣಿಗೆ ಬಿತ್ತು. ನಾಲ್ಕು ಕೋಣೆಗಳ ಜಠರವನ್ನು ಆತ ಸರಿಯಾಗಿಯೇ ಬಿಡಿಸಿದ್ದ. ಕೊಕ್ಕಿನಿಂದ ಜಠರಕ್ಕೆ ಒಂದು ಬಾಣದ ಗುರುತು ಹಾಕಿ, ಅದರ ಪಕ್ಕದಲ್ಲಿ ದೊಡ್ಡದೊಂದು ಪ್ರಶ್ನಚಿಹ್ನೆ ಬರೆದಿದ್ದ. ಮೆಲುಕು ಹಾಕಲು ಹಲ್ಲು ಬೇಕು, ಕೊಕ್ಕಿನಲ್ಲಿ ಹಲ್ಲೆಲ್ಲಿ? ಸುಕುಮಾರರ ಗಿಣಿತಲೆಯ ಓತಿಕ್ಯಾತ ಕೇಳಿದ ಪ್ರಶ್ನೆಯನ್ನೇ ಆ ಹುಡುಗ ಯಾರ ಹಂಗೂ ಇಲ್ಲದೆ ಕೇಳಿದ್ದ. ಆ ಪದ್ಯವನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ನಾನೇ ಹಾಳೆಯನ್ನು ಹರಿದವನು. ಮಾರನೆಯ ದಿನ ಹೊಸ ಹಾಳೆಯೊಂದನ್ನು ಕೊಟ್ಟು ಮತ್ತೆ ಬರೆಯೆಂದೆ. ಅವನು ಕಪ್ಪೆಯನ್ನೇ ಬರೆದು ತಂದ; ಬಹಳ ಚೆನ್ನಾದ ಕಪ್ಪೆ.

ಸುಕುಮಾರರು ಇಂಥ ಮೇಷ್ಟರನ್ನು ಬಲ್ಲರು. ‘ವಿಜ್ಞಾನ ಶಿಕ್ಷಾ’ ಎಂಬ ಪದ್ಯದಲ್ಲಿ ಪಂಡಿತನೊಬ್ಬ ಹುಡುಗನ ತಲೆಯನ್ನು ‘ಫುಟೋಸ್ಕೋಪ್’ ಎಂಬ ಯಂತ್ರದಿಂದ ಪರೀಕ್ಷಿಸಲು ಹೊರಡುತ್ತಾನೆ. ‘ಫುಟೋ’ ಎಂದರೆ ಬಂಗಾಳಿಯಲ್ಲಿ ತೂತು. ಇನ್ನೊಂದೆಡೆ ಚಂಡೀದಾಸನ ಚಿಕ್ಕಪ್ಪ ಹೊಸ ಯಂತ್ರವೊಂದನ್ನು ಕಂಡುಹಿಡಿದಿದ್ದಾನೆ: ಹೆಗಲಿಗೆ ಕಟ್ಟಿದ ಚೌಕಟ್ಟಿನಿಂದ ಮೂಗಿನ ಮುಂದೆ ತಿಂಡಿ ತೂಗಾಡುತ್ತದೆ, ಅದನ್ನು ಹಿಡಿಯುವ ಆಸೆಯಿಂದ ಮನುಷ್ಯ ದಣಿವರಿಯದೆ ಓಡುತ್ತಾನೆ. ನಗಲೇಬಾರದೆಂದು ಶಪಥಮಾಡಿದ ‘ರಾಮಗರುಡನ ಮರಿ’ಯಂತೂ ಬಂಗಾಳದ ಮನೆಮಾತು, ಗಂಟುಮುಖದ ಗುಮಾಸ್ತನನ್ನು ಜನ ಆ ಹೆಸರಿನಿಂದಲೇ ಕರೆಯುವುದನ್ನು ನಾನು ಕಿವಿಯಾರ ಕೇಳಿದ್ದೇನೆ.

ಗದ್ಯದಲ್ಲಿ ಎರಡು ಕೃತಿಗಳನ್ನು ಹೆಸರಿಸಬೇಕು. ‘ಹ ಜ ಬ ರ ಲ’ 1922ರಲ್ಲಿ ‘ಸಂದೇಶ’ದ ಸಂಚಿಕೆಗಳಲ್ಲಿ ಬಂತು. ಬೇಸಗೆಯ ದಿನ ಮರದಡಿ ಮಲಗಿದ ಬಾಲಕನ ಕರವಸ್ತ್ರ ಬೆಕ್ಕಾಗಿಬಿಡುತ್ತದೆ. ಸ್ಲೇಟು ಹಿಡಿದ ಕಾಗೆಯೊಂದು ಲೆಕ್ಕದ ಅಂಗಡಿ ತೆರೆದಿದೆ. ಏಳೆರಡಲ ಎಷ್ಟೆಂದು ಕೇಳಿ, ಹುಡುಗ ಹದಿನಾಲ್ಕೆಂದರೆ ಒಪ್ಪುವುದಿಲ್ಲ. ನೀನು ಹೇಳಿದ ಗಳಿಗೆಯಲ್ಲಿ ಅದು ಇನ್ನೂ ಹದಿನಾಲ್ಕಾಗಿರಲಿಲ್ಲ, ಚೂರು ಕಡಿಮೆಯಿತ್ತು ಎಂಬುದು ಅದರ ವಾದ. ವಯಸ್ಸು ನಲವತ್ತರವರೆಗೆ ಏರಿ ಆಮೇಲೆ ಇಳಿಯತೊಡಗುವ ಮುದುಕನಿದ್ದಾನೆ. ಎಲ್ಲಿ ಅಳೆದರೂ ಒಂದೇ ಸಂಖ್ಯೆ ಕೊಡುವ ಅಳತೆಯ ಪಟ್ಟಿಯಿದೆ. ಇದರಲ್ಲಿ ಐನ್‌ಸ್ಟೈನರ ಸಾಪೇಕ್ಷವಾದದ ನೆರಳನ್ನು ಹುಡುಕುವ ವಿಮರ್ಶಕರುಂಟು. ನನಗೆ ಅಷ್ಟು ಧೈರ್ಯವಿಲ್ಲ. ಅಳತೆ ಎಂದರೇನೆಂದು ಜೀವನವಿಡೀ ತಲೆಕೆಡಿಸಿಕೊಂಡ ಅಚ್ಚಿನ ತಂತ್ರಜ್ಞನ ವಿನೋದವೆಂದರೆ ಸಾಕು.

ಇನ್ನೊಂದು ‘ಹೇಶೋರಾಂ ಹುಶಿಯಾರೇರ್ ಡೈರಿ’. ಸಂದೇಶದಲ್ಲಿ ಪುರಾತನ ಪ್ರಾಣಿಗಳನ್ನು ಕುರಿತು ಲೇಖನಗಳು ಬರುತ್ತಿದ್ದುವಷ್ಟೆ. ತನ್ನ ಶಿಕಾರಿಯ ಪ್ರಸ್ತಾಪವನ್ನೇ ಮಾಡದ ಸಂಪಾದಕರ ಮೇಲೆ ಪ್ರೊಫೆಸರ್ ಹುಶಿಯಾರನಿಗೆ ಕೋಪ ಬಂದಿದೆ. ಅವನ ದಿನಚರಿಯನ್ನು ಪತ್ರಿಕೆ ವಿಧಿಯಿಲ್ಲದೆ ಅಚ್ಚುಹಾಕಿದೆ! ಕಾನನ್ ಡಾಯಲರ ಪ್ರೊಫೆಸರ್ ಚಾಲೆಂಜರನ ಛಾಯೆ ಇದರಲ್ಲಿದೆಯೆಂಬುದು ನಿಜ. ಆದರೆ ಲ್ಯಾಟಿನ್ ಬಾಲ ಅಂಟಿಸಿಕೊಂಡ ಪ್ರಾಣಿಗಳು ಬಂಗಾಳದವೇ. ಅರಚುವುದೇ ಕೆಲಸವಾದ್ದರಿಂದ ಒಂದು ಚಿಲ್ಲಾನೋಸಾರಸ್. ಮುಖ ಗಂಟಿಕ್ಕಿಕೊಂಡಿರುವುದರಿಂದ ಒಂದು ಗೋಮ್ರಾಥೇರಿಯಂ. ತಿನ್ನುವ ಆಸೆ ತೀರದ ಹ್ಯಾಂಗ್ಲಾಥೇರಿಯಂ. ಪಾಪ, ಬೇಚಾರಾಥೇರಿಯಂ ಎಂಬುದೂ ಒಂದು. ತಂದೆ ‘ಸೇಕಾಲೇರ್ ಕಥಾ’ದಲ್ಲಿ ಶ್ರದ್ಧೆಯಿಂದ ವರ್ಣಿಸಿದ ಲೋಕವನ್ನೇ ಮಗ ತಲೆಕೆಳಗು ಮಾಡಿ ನಿಲ್ಲಿಸಿದರು. ಮೊದಲಿನದನ್ನು ಓದಿದ ಮಕ್ಕಳಿಗೆ ಎರಡನೆಯದರ ರುಚಿ ಹೆಚ್ಚು. ಎರಡನೆಯದನ್ನು ಮೊದಲು ಓದಿದವರು ನಿಜವಾದ ಹೆಸರುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಮಾಶಿಮಾರ ಮೊಮ್ಮಗ ನನ್ನೊಡನೆ ಚೌರಂಗಿಯ ವಸ್ತುಸಂಗ್ರಹಾಲಯಕ್ಕೆ ಬಂದು, ಎಲುಬುಗೂಡುಗಳ ಕೆಳಗಿನ ಫಲಕಗಳನ್ನು ಒಂದೂ ಬಿಡದೆ ಓದಿದ್ದು ಈ ಹುಶಿಯಾರನ ದೆಸೆಯಿಂದಲೇ.

ಆದರೆ ಈ ಎರಡನ್ನೂ ಬರೆಯುವಾಗ ಸುಕುಮಾರರು ಹಾಸಿಗೆ ಹಿಡಿದಿದ್ದರು. 1921ರ ಮೇ 2ರಂದು ಮಗ ಸತ್ಯಜಿತ್ ಹುಟ್ಟಿದ. ಅದೇ ವರ್ಷ ತಂದೆಗೆ ಕಾಲಾ ಅಜಾರ್ ತಗಲಿತು. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ. ಗುಲ್ಮ ಊದಿಕೊಳ್ಳುತ್ತದೆ, ಮೈ ಕಪ್ಪಾಗುತ್ತದೆ, ರಕ್ತ ಬತ್ತುತ್ತದೆ. ಬಂಗಾಳ, ಅಸ್ಸಾಮುಗಳಲ್ಲಿ ಊರೂರುಗಳನ್ನೇ ಬರಿದು ಮಾಡಿದ ರೋಗವದು. ಅದೇ ಕಲ್ಕತ್ತೆಯಲ್ಲಿ, ಕ್ಯಾಂಪ್‌ಬೆಲ್ ವೈದ್ಯಶಾಲೆಯ ಒಂದು ಪುಟ್ಟ ಕೋಣೆಯಲ್ಲಿ, ಡಾಕ್ಟರ್ ಉಪೇಂದ್ರನಾಥ ಬ್ರಹ್ಮಚಾರಿಯವರು 1920ರ ಹೊತ್ತಿಗೆ ಯೂರಿಯಾ ಸ್ಟಿಬಮೀನ್ ಎಂಬ ಔಷಧವನ್ನು ಸಿದ್ಧಪಡಿಸಿದ್ದರು. 1922ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ಮುಂದೆ ಲಕ್ಷಾಂತರ ಜನ ಅದರಿಂದ ಬದುಕಿಕೊಂಡರು. ಆದರೆ ಅದು ಎಲ್ಲರ ಕೈಗೆಟಕುವಂತಾದದ್ದು ಆಮೇಲೆ. ವಿಜ್ಞಾನವನ್ನು ಇಷ್ಟು ಪ್ರೀತಿಸಿದವನ ಬಾಗಿಲಿಗೆ ಅದು ಕೆಲವೇ ತಿಂಗಳು ತಡವಾಗಿ ಬಂತೆಂಬುದನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಎರಡೂವರೆ ವರ್ಷ ಅವರು ಮಲಗಿದ್ದಲ್ಲಿಂದಲೇ ಪತ್ರಿಕೆಯನ್ನು ನೋಡಿಕೊಂಡರು. ಚಿತ್ರ ಬರೆದರು, ಕರಡು ತಿದ್ದಿದರು, ತಮ್ಮ ಪದ್ಯಗಳನ್ನು ಆರಿಸಿ ‘ಆಬೋಲ್ ತಾಬೋಲ್’ ಎಂಬ ಸಂಕಲನಕ್ಕೆ ಮುಖಚಿತ್ರದಿಂದ ಹಿಡಿದು ಎಲ್ಲವನ್ನೂ ಅಣಿಮಾಡಿದರು. ಅದರ ಕೊನೆಯ ಪದ್ಯವನ್ನು ಬರೆಯುವಾಗ ತಾವು ಉಳಿಯುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ಅಲ್ಲಿಯೂ ಗೋಳಿಲ್ಲ, ನಿದ್ದೆ ಬರುತ್ತಿರುವ ಮಗು ಹಾಡನ್ನು ಮುಗಿಸುವಂತೆ ಮುಗಿಸಿದ್ದಾರೆ. 1923ರ ಆಗಸ್ಟಿನ ಕೊನೆಯಲ್ಲಿ ರವೀಂದ್ರನಾಥರು ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತು, ಅವರು ಬಯಸಿದ ಹಾಡುಗಳನ್ನು ಹಾಡಿದರು. ಸೆಪ್ಟೆಂಬರ್ 10ರಂದು ಸುಕುಮಾರರು ತೀರಿಕೊಂಡರು, ವಯಸ್ಸು ಮೂವತ್ತೈದು. ಒಂಬತ್ತು ದಿನಗಳ ಮೇಲೆ, 19ನೆಯ ತಾರೀಖು, ‘ಆಬೋಲ್ ತಾಬೋಲ್’ ಹೊರಬಂತು. ಮುದ್ರಣವನ್ನೇ ಬದುಕಾಗಿಸಿಕೊಂಡವನು ತನ್ನ ಮೊದಲ ಕವನಸಂಕಲನವನ್ನು ಅಚ್ಚಿನಲ್ಲಿ ಕಾಣಲಿಲ್ಲ.

ಯಜಮಾನನಿಲ್ಲದ ಅಚ್ಚುಕೂಟ ಕೆಲವೇ ವರ್ಷಗಳಲ್ಲಿ ಮುಳುಗಿತು. ಸುಪ್ರಭಾದೇವಿ ಮಗನೊಡನೆ ತಮ್ಮ ಸೋದರನ ಮನೆಗೆ ಹೋದರು. ಸತ್ಯಜಿತರಿಗೆ ತಂದೆಯ ನೆನಪು ಇಲ್ಲವೇ ಇಲ್ಲವೆನ್ನುವಷ್ಟು. ಗಂಗೆಯ ದಡದ ಸೋದಪುರದಲ್ಲಿ, ಚಿತ್ರ ಬರೆಯುತ್ತಿದ್ದ ತಂದೆ ಹೊಳೆಯ ಮೇಲೆ ಹೋಗುತ್ತಿದ್ದ ಸ್ಟೀಮರನ್ನು ಕಿಟಕಿಯಿಂದ ತೋರಿಸಿದ್ದಷ್ಟೇ. ಆದರೆ ಟರ್ಪೆಂಟೈನಿನ ವಾಸನೆ ಬಂದಾಗಲೆಲ್ಲ ಗಡಪಾರಿನ ಅಚ್ಚುಕೂಟ ಕಣ್ಣಮುಂದೆ ನಿಲ್ಲುತ್ತಿತ್ತೆಂದು ಅವರು ಬರೆದುಕೊಂಡಿದ್ದಾರೆ. 1961ರಲ್ಲಿ ಅವರು ಸುಭಾಷ್ ಮುಖೋಪಾಧ್ಯಾಯರೊಡನೆ ಸೇರಿ ‘ಸಂದೇಶ’ವನ್ನು ಮತ್ತೆ ಹೊರಡಿಸಿದರು. ಆ ವರ್ಷವೇ ಅದರಲ್ಲಿ ಪ್ರೊಫೆಸರ್ ಶಂಕು ಎಂಬ ವಿಚಿತ್ರ ವಿಜ್ಞಾನಿಯ ದಿನಚರಿ ಆರಂಭವಾಯಿತು. ಹೇಶೋರಾಂ ಹುಶಿಯಾರನನ್ನು ಬಲ್ಲವರಿಗೆ ಆ ಪ್ರೊಫೆಸರನ ಕುಲಗೋತ್ರವನ್ನು ಹೇಳಬೇಕಾಗಿರಲಿಲ್ಲ.

ಕಲ್ಕತ್ತೆಯನ್ನು ಬಿಡುವ ಮುನ್ನ ಒಂದು ಬೆಳಿಗ್ಗೆ ಗಡಪಾರ್ ರಸ್ತೆಗೆ ಹೋಗಿದ್ದೆ. ಆ ಮನೆಯಲ್ಲಿ ಆಗ ಶಾಲೆಯೊಂದು ನಡೆಯುತ್ತಿತ್ತು. ಗೇಟಿನ ಬಳಿ ಹಾಗೆಯೇ ನಿಂತೆ. ಮೇಲಿನ ಯಾವುದೋ ಕೋಣೆಯಿಂದ ಮಕ್ಕಳು ರಾಗವಾಗಿ ಮಗ್ಗಿ ಹೇಳುವುದು ಕೇಳಿಬರುತ್ತಿತ್ತು. ಏಳರ ಮಗ್ಗಿ ಬರುವವರೆಗೂ ಕಾದೆ. ಏಳೆರಡಲ ಎಂದಾಗ ಮಕ್ಕಳು ಎಳ್ಳಷ್ಟೂ ಅನುಮಾನವಿಲ್ಲದೆ ಹದಿನಾಲ್ಕೆಂದು ಕೂಗಿದರು. ನಾನು ಒಬ್ಬನೇ ನಕ್ಕುಬಿಟ್ಟೆ. ಬಾಗಿಲು ಕಾಯುವವನು ಬೀಡಿಯನ್ನು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದ.